ಆಕಾಶಕ್ಕೆ ಹಾಕಿದ ಅಂಚು

ತಮಿಳು ಸೀಮೆಯ ನೆಗಮಂನ ನೇಕಾರರ ಬೀದಿಯಲ್ಲಿ ಕುಪ್ಪಮ್ಮನ ಕಣ್ಣಿಗೆ ಹೆದರದವರು ಯಾರಿದ್ದರು ಹೇಳಿ! ಮಗ್ಗದಿಂದ ಇಳಿಸಿದ ಸೀರೆಯನ್ನು ಬಾಗಿಲ ಬೆಳಕಿಗೆ ಹಿಡಿದು ಒಂದು ಸಲ ಮೇಲಿಂದ ಕೆಳಗೆ ನೋಡಿದಳೆಂದರೆ ಮುಗಿಯಿತು. ಎಲ್ಲಿ ಎಳೆ ತಪ್ಪಿದೆ, ಎಲ್ಲಿ ಹೂವು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿದೆ, ಎಲ್ಲವೂ ಬಯಲು. ನೇಯ್ದವನು ತಲೆ ಕೆರೆದುಕೊಳ್ಳುತ್ತ ನಿಲ್ಲಬೇಕು. ಐವತ್ತೆಂಟು ತುಂಬಿದರೂ ಕನ್ನಡಕ ಹಾಕಿದವಳಲ್ಲ. ಆ ಜಂಬವನ್ನು ಅವಳು ಮುಚ್ಚಿಡುತ್ತಲೂ ಇರಲಿಲ್ಲ.

ಆ ಮನೆಗೆ ಒಂದು ಕಟ್ಟುನಿಟ್ಟಿತ್ತು, ಕುಪ್ಪಮ್ಮನ ಅಜ್ಜನ ಕಾಲದ್ದು. ನೇಯ್ಗೆಯಲ್ಲಿ ತಪ್ಪಾದರೆ ಮನೆಯೊಳಗೇ ಬಿಚ್ಚಿ ಸರಿಮಾಡಬೇಕು, ಸರಿಮಾಡಿದ ಮೇಲೆ ಆ ತಪ್ಪಿನ ಮಾತು ಹೊಸಿಲು ದಾಟಬಾರದು. ಮನೆಯೊಳಗೆ ಕನ್ನಡ, ಹೊಸಿಲಾಚೆ ತಮಿಳು. ತಪ್ಪಿನ ಮಾತು ಮಾತ್ರ ಎರಡು ಭಾಷೆಯಲ್ಲೂ ಹೊರಗೆ ಹೋಗುವ ಹಾಗಿಲ್ಲ. ಕನ್ನಡದ ಅಕ್ಷರ ಆ ಬೀದಿಯಲ್ಲಿ ಒಬ್ಬರಿಗೂ ಬಾರದು, ಆದರೆ ಈ ನಿಯಮವನ್ನು ಓದಲು ಯಾರಿಗೂ ಅಕ್ಷರ ಬೇಕಿರಲಿಲ್ಲ.

ಕುಪ್ಪಮ್ಮನಿಗೆ ಮಕ್ಕಳಿಲ್ಲ. ಗಂಡ ತೀರಿಕೊಂಡ ಮೇಲೆ ತಮ್ಮ ಮಯಿಲ್‌ಸಾಮಿಯ ಮನೆಗೆ ಬಂದು ಅಲ್ಲೇ ಒಂದು ಮಗ್ಗ ಹಿಡಿದಳು. ತಮ್ಮನ ಮಗಳು ಜಯಪ್ರಿಯಾ ಮೂರು ವರ್ಷದವಳಿದ್ದಾಗಿನಿಂದ ಬೆಳೆದದ್ದು ಈ ಅತ್ತೆಯ ಮಗ್ಗದ ಪಕ್ಕದಲ್ಲೇ. ಲಾಳಿ ಅತ್ತಿಂದಿತ್ತ ಓಡುವುದನ್ನು ನೋಡುತ್ತ ಅನ್ನ ತಿಂದವಳು, ಲಾಳಿಯ ಸದ್ದು ಕೇಳುತ್ತ ಮಗ್ಗಿ ಬಾಯಿಪಾಠ ಮಾಡಿದವಳು. ಈಗ ಎರಡು ಸಾವಿರದ ಎಂಟನೇ ಇಸವಿಯಲ್ಲಿ ಕೊಯಮತ್ತೂರಿನ ಶರವಣಂಪಟ್ಟಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಎಂ.ಫಿಲ್. ಮಾಡುತ್ತಿದ್ದಳು. ಅವಳಿದ್ದದ್ದು ಹಾಸ್ಟೆಲಿನಲ್ಲಿ.

"ಅಲ್ಲೇನ್ ಮಾಡ್ತಿ ಪಾಪಾ?" ಎಂದು ಒಂದು ರಜೆಯಲ್ಲಿ ಕುಪ್ಪಮ್ಮ ಕೇಳಿದ್ದಳು.

"ಅತ್ತೆ, ಲೋಕ ಹುಟ್ಟಿದ ಹೊಸದರಲ್ಲಿ ಎಲ್ಲಾ ಕಡೆ ಕತ್ತಲೆ. ನಕ್ಷತ್ರ ಇಲ್ಲೆ, ಏನೂ ಇಲ್ಲೆ. ಹೈಡ್ರೋಜನ್ ಅಂತ ಒಂದು ಗಾಳಿ ಮಾತ್ರ ತುಂಬಿಕೊಂಡಿತ್ತು. ಆಮೇಲೆ ಅಲ್ಲೊಂದು ಇಲ್ಲೊಂದು ನಕ್ಷತ್ರದ ಗುಂಪು ಹೊತ್ತಿಕೊಳ್ತು. ಅದರ ಬೆಳಕು ತನ್ನ ಸುತ್ತ ಇದ್ದ ಹೈಡ್ರೋಜನ್‌ನ ಒಡೆದು ಒಡೆದು ಒಂದು ಗುಳ್ಳೆಯಷ್ಟು ಜಾಗ ತಿಳಿಯಾಗಿಸ್ತು. ಗುಳ್ಳೆ ದೊಡ್ಡದಾಯ್ತು, ಪಕ್ಕದ ಗುಳ್ಳೆ ಜೊತೆ ಕೂಡ್ತು. ಕೊನೆಗೆ ಎಲ್ಲಾನೂ ತಿಳಿ. ಅದಕ್ಕೇ ಇವತ್ತು ಅಷ್ಟು ದೂರದ ಬೆಳಕು ನಮ್ಮ ತನಕ ಬರ್ತದೆ."

"ಆಮಾ, ಎಲ್ಲಾ ನೋಡಿ ಬಂದವಳ ಹಂಗೆ ಹೇಳ್ತೀಯಲ್ಲ. ಯಾರ್ ನೋಡಿದ್ರು?"

"ಯಾರೂ ನೋಡಿಲ್ಲೆ. ಅದಕ್ಕೇ ಕಂಪ್ಯೂಟರಿನಲ್ಲಿ ಒಂದು ಪೆಟ್ಟಿಗೆಯಷ್ಟು ಆಕಾಶ ಮಾಡಿ, ಹೈಡ್ರೋಜನ್ ತುಂಬಿ, ದೀಪ ಹಚ್ಚಿ ನೋಡ್ತೀನಿ. ಬೆಳಕು ಹೆಂಗೆ ಹರಡ್ತದೆ ಅಂತ."

ಕುಪ್ಪಮ್ಮನಿಗೆ ಅರ್ಧ ಅರ್ಥವಾಯಿತು. ಉಳಿದರ್ಧಕ್ಕೆ ಅವಳು ಕಾಯಲೂ ಇಲ್ಲ. ಮರುದಿನವೇ ಬೀದಿಯುದ್ದಕ್ಕೂ ಸಾರಿದಳು: ನಮ್ಮ ಹುಡುಗಿ ಆಕಾಶ ನೇಯುತ್ತಿದ್ದಾಳೆ, ಅದೂ ಮೊಟ್ಟಮೊದಲ ಬೆಳಕು ಹಾಕಿ! ಎದುರು ಮನೆಯ ಕನ್ನಿಯಮ್ಮಾಳ್ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ನಗಲಿ ಬಿಡಿ, ಕುಪ್ಪಮ್ಮ ಅದಕ್ಕೆಲ್ಲ ಜಗ್ಗುವವಳಲ್ಲ.

ಇಂಥ ಕೆಲಸಕ್ಕೆ ದೊಡ್ಡ ದೊಡ್ಡ ಸಂಸ್ಥೆಯವರು ಬರೆದಿಟ್ಟ ಪ್ರೋಗ್ರಾಂಗಳಿದ್ದವು. ಅದರಲ್ಲೊಂದನ್ನು ತಂದು ಓಡಿಸಿ ಚಿತ್ರ ಬಿಡಿಸಿಕೊಂಡರೆ ಎಂ.ಫಿಲ್.ಗೆ ಧಾರಾಳವಾಯಿತು ಎಂದು ಅವಳ ಗೈಡ್ ದಂಡಪಾಣಿ ಸರ್ ಮೊದಲೇ ಹೇಳಿದ್ದರು. ಜಯಪ್ರಿಯಾ ಒಪ್ಪಲಿಲ್ಲ. ಮೊದಲ ಸಾಲಿನಿಂದ ಕೊನೆಯ ಸಾಲಿನ ತನಕ ತಾನೇ ಬರೆಯುತ್ತೇನೆ ಎಂದು ಹಟ ಹಿಡಿದಳು. ಬೇರೆಯವರು ನೇಯ್ದ ಸೀರೆಗೆ ತನ್ನ ಹೆಸರಿನ ಚೀಟಿ ಅಂಟಿಸುವ ಹುಡುಗಿಯೇ ಅವಳು? ರಜೆಯಲ್ಲಿ ಅತ್ತೆಯ ಮಗ್ಗದ ಪಕ್ಕ ಚಾಪೆ ಹಾಸಿ ನೋಟ್‌ಬುಕ್ಕಿನಲ್ಲಿ ಬರೆಯಲು ಶುರುಮಾಡಿದವಳು ಆರು ತಿಂಗಳು ಬಿಡದೆ ಬರೆದಳು. ಪ್ರಬಂಧಕ್ಕೆ ಅವಳೇ ಇಟ್ಟ ಹೆಸರಲ್ಲೂ 'ಸ್ವಂತ ಪ್ರೋಗ್ರಾಂ' ಎಂಬ ಮಾತಿತ್ತು. ಆ ಒಂದು ಮಾತು ನಿಂತರೆ ಎಲ್ಲವೂ ನಿಂತಂತೆ, ಬಿದ್ದರೆ ಎಲ್ಲವೂ ಬಿದ್ದಂತೆ.

ಪ್ರೋಗ್ರಾಂ ಓಡಿತು. ಆದರೆ ಸರಿ ಓಡಲಿಲ್ಲ.

ಅಮಾವಾಸ್ಯೆಯ ದಿನ ನೇಕಾರರು ಮಗ್ಗ ಮುಟ್ಟುವುದಿಲ್ಲ. ಹಾಗಾಗಿ ತಮಿಳರ ಐಪ್ಪಸಿ ತಿಂಗಳ ಅಮಾವಾಸ್ಯೆಗೆ ಕುಪ್ಪಮ್ಮ ಬಟ್ಟೆಯ ಚೀಲದಲ್ಲಿ ಪುಳಿಯೋಗರೆ, ಕೈಯಲ್ಲೇ ಸುತ್ತಿದ ಚಕ್ಕುಲಿ ಕಟ್ಟಿಕೊಂಡು, ಎರಡು ಬಸ್ ಬದಲಿಸಿ, ಮಧ್ಯಾಹ್ನದ ಹೊತ್ತಿಗೆ ಕಾಲೇಜಿಗೆ ಬಂದಳು. ಕಂಪ್ಯೂಟರ್ ಲ್ಯಾಬಿನಲ್ಲಿ ಹುಡುಗಿ ಒಬ್ಬಳೇ ಕೂತಿದ್ದಳು. ಲ್ಯಾಬ್ ನೋಡಿಕೊಳ್ಳುವ ಸೆಂದಿಲ್ ಕುಮಾರ್ ಪಾಪ ಒಳ್ಳೆಯವನು. ಪಾಠವಿಲ್ಲದ ಹೊತ್ತಿನಲ್ಲಿ ಹದಿನಾರು ಕಂಪ್ಯೂಟರುಗಳನ್ನೂ ಒಟ್ಟಿಗೆ ಕಟ್ಟಿ ಅವಳಿಗೆ ಬಿಟ್ಟುಕೊಡುತ್ತಿದ್ದ.

"ಏನ್ ಕಣ್ಣು, ಮೊಗ ಯಾಕಿಂಗೆ ಸುಟ್ಟ ಬದನೇಕಾಯಿ ಆಗೈತೆ?"

ಜಯಪ್ರಿಯಾಳಿಗೆ ಅಳುವೇ ಬಂತು. "ಬೆಳಕು ಕಾಣೆಯಾಗ್ತದೆ ಅತ್ತೆ. ನೂರು ಪಾಲು ಬೆಳಕು ದೀಪದಿಂದ ಹೊರಡ್ತದೆ. ಹೈಡ್ರೋಜನ್ ನುಂಗಿದ್ದು, ಇನ್ನೂ ದಾರೀಲಿ ಇರೋದು, ಎಲ್ಲಾ ಸೇರಿಸಿದ್ರೂ ಎಂಬತ್ತಾರೇ. ಹದಿನಾಲ್ಕು ಪಾಲು ಎಲ್ಲಿ ಹೋಯ್ತು ಗೊತ್ತಿಲ್ಲೆ. ಹೈಡ್ರೋಜನ್ ನುಂಗೋ ಲೆಕ್ಕ ಇದೆಯಲ್ಲ, ಅದನ್ನ ಮೂರು ವಾರದಿಂದ ಬಿಚ್ಚಿ ಬಿಚ್ಚಿ ನೋಡಿದೆ. ಅಲ್ಲೇನೂ ತಪ್ಪಿಲ್ಲೆ. ಸರ್ ಹೇಳ್ತಿದಾರೆ, ಇನ್ನು ಟೈಮಿಲ್ಲ, ಬೇರೆಯವರ ಪ್ರೋಗ್ರಾಂ ತಗೋ ಅಂತ."

"ಕೊಟ್ಟ ನೂಲು ಸೀರೇಲಿ ಇಲ್ಲದಿದ್ರೆ ಎಲ್ಲೋ ಕೆಳಗೆ ಬಿದ್ದಿರಬೇಕು. ಆವಿಯಾಗಿ ಹೋಗ್ತದಾ? ಎಲ್ಲಿ, ನಿನ್ನ ನೇಯ್ಗೆ ತೋರಿಸು."

ಹುಡುಗಿ ಒಂದು ದೊಡ್ಡ ಕಾಗದ ಕೊಟ್ಟಳು. ಪೆಟ್ಟಿಗೆಯನ್ನು ನಡುವೆ ಕೊಯ್ದರೆ ಕಾಣುವ ಚಿತ್ರ: ಕಪ್ಪು ನೆಲದ ಮೇಲೆ ಹಳದಿ ಗುಳ್ಳೆಗಳು, ಕೆಲವು ಒಂಟಿ, ಕೆಲವು ಒಂದಕ್ಕೊಂದು ಕೂಡಿಕೊಂಡು. ಮೂಲೆಯಲ್ಲಿ ಜಯಪ್ರಿಯಾ ಪೆನ್ಸಿಲ್ಲಿನಲ್ಲಿ ತಾರೀಕು ಬರೆದಿದ್ದಳು. ಕುಪ್ಪಮ್ಮ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಚೆಂದ ಐತೆ. ಇದು ಹಿಂಗೇ ಮುಂದೆ ಹೋಗ್ತದಾ, ಇಲ್ಲಾ ಇಷ್ಟೇನಾ?"

"ಆಕಾಶ ಪೂರಾ ಕಂಪ್ಯೂಟರಿನಲ್ಲಿ ಹಿಡಿಯಲ್ಲ ಅತ್ತೆ. ಇಷ್ಟು ತುಂಡೇ ಎಲ್ಲಾ ಕಡೆ ಮತ್ತೆ ಮತ್ತೆ ಬರ್ತದೆ ಅಂತ ಇಟ್ಟುಕೊಳ್ಳೋದು."

"ಓ, ಬುಟ್ಟಾ ಹಂಗೆ."

ಸೀರೆಯ ಒಡಲಿಗೆ ಹೂವಿನ ಮಾದರಿ ಬರೆಯುವವರು ಒಂದು ತುಂಡನ್ನು ಮಾತ್ರ ಚೌಕುಳಿ ಕಾಗದದ ಮೇಲೆ ಬರೆಯುತ್ತಾರೆ. ಅದೇ ತುಂಡು ಸೀರೆಯುದ್ದಕ್ಕೂ ಬರಬೇಕಾದ್ದರಿಂದ, ಒಂದು ತುದಿಯಲ್ಲಿ ಅರ್ಧ ನಿಂತ ಹೂವಿನ ಉಳಿದರ್ಧ ಇನ್ನೊಂದು ತುದಿಯಲ್ಲಿ ಇರಲೇಬೇಕು. ಅದನ್ನು ನೋಡಲು ಕಾಗದವನ್ನು ಕೊಳವೆಯ ಹಾಗೆ ಸುತ್ತಿ ತುದಿಗೆ ತುದಿ ಕೂಡಿಸುತ್ತಾರೆ. ನೇಕಾರರ ಮನೆಯಲ್ಲಿ ಇದು ಮಕ್ಕಳಿಗೂ ಗೊತ್ತು. ಕುಪ್ಪಮ್ಮ ಯೋಚನೆ ಕೂಡ ಮಾಡದೆ ಹಾಗೆಯೇ ಮಾಡಿದಳು. ಮೊದಲು ಮೇಲಿನ ತುದಿಯನ್ನು ಕೆಳಗಿನ ತುದಿಗೆ ಕೂಡಿಸಿದಳು. ಅರ್ಧ ಗುಳ್ಳೆಗೆ ಅರ್ಧ ಗುಳ್ಳೆ ಸರಿಯಾಗಿ ಬಂದು ಕೂತಿತು. ಕಾಗದ ತಿರುಗಿಸಿ ಎಡದ ತುದಿಯನ್ನು ಬಲದ ತುದಿಗೆ ಕೂಡಿಸಿದಳು.

"ಏ ಪಾಪಾ, ಇಲ್ಲಿ ಬಾ. ಈ ಕಡೆ ಹೂವು ಅರ್ಧಕ್ಕೇ ನಿಂತೈತೆ. ಆ ಕಡೆ ನೋಡಿದ್ರೆ ಬರೀ ಕಪ್ಪು. ಮಿಕ್ಕ ಅರ್ಧ ಯಾರ ಮನೆಗೆ ಹೋಯ್ತು?"

"ಅದು ಇರಲಿ ಅತ್ತೆ, ಅಲ್ಲಿ ಹಂಗೇ..." ಎಂದ ಜಯಪ್ರಿಯಾ ಅಲ್ಲಿಗೇ ಬಾಯಿ ಮುಚ್ಚಿದಳು. ಕಾಗದದ ಕೊಳವೆಯನ್ನು ಅತ್ತೆಯ ಕೈಯಿಂದ ಕಸಿದುಕೊಂಡು ನೋಡಿದಳು. ಮತ್ತೆ ನೋಡಿದಳು. ಓಡಿ ಹೋಗಿ ಕಂಪ್ಯೂಟರಿನ ಮುಂದೆ ಕೂತು ಸಾಲಿನಿಂದ ಸಾಲಿಗೆ ಕಣ್ಣಾಡಿಸಿದಳು. ಮೇಲೆ ಹೋದ ಬೆಳಕು ಕೆಳಗಿನಿಂದ ಒಳಗೆ ಬರಬೇಕು: ಬರೆದಿದ್ದಳು. ಮುಂದೆ ಹೋದದ್ದು ಹಿಂದಿನಿಂದ ಬರಬೇಕು: ಅದನ್ನೂ ಬರೆದಿದ್ದಳು. ಎಡಕ್ಕೆ ಹೋದದ್ದು ಬಲದಿಂದ ಬರಬೇಕಾದ ಕಡೆ, 'ಇಲ್ಲಿಗೆ ನಿಲ್ಲಿಸು' ಎಂದು ತನ್ನ ಕೈಯಾರೆ ಬರೆದಿದ್ದಳು. ಎಡಬಲದ ಗೋಡೆ ಮುಟ್ಟಿದ ಬೆಳಕೆಲ್ಲ ಅಲ್ಲೇ ಕೆಳಗೆ ಬಿದ್ದು ಹೋಗಿತ್ತು.

"ಅತ್ತೇ!" ಎಂದು ಕೂಗಿದವಳು ಕುಪ್ಪಮ್ಮನನ್ನು ತಬ್ಬಿಕೊಂಡು ಎತ್ತಿಯೇಬಿಟ್ಟಳು. ಆ ತೂಕದ ಹೆಂಗಸನ್ನು!

"ಬಿಡೇ, ಸೊಂಟ ಮುರೀತದೆ," ಎಂದು ಬೈದಳು ಕುಪ್ಪಮ್ಮ. ಮುಖ ಮಾತ್ರ ಅರಳಿ ಊರಗಲ ಆಗಿತ್ತು. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಕೇಳು. ತಪ್ಪು ಸಿಕ್ತು, ಸರಿ ಮಾಡು. ಹಳೇದೆಲ್ಲಾ ಅಳಿಸಿಬಿಡು. ಆಮೇಲೆ ಇದರ ಮಾತು ನಿನ್ನ ಬಾಯಲ್ಲಿ ಬರಬಾರದು. ಆ ಗೈಡ್ ಹತ್ರಾನೂ ಇಲ್ಲ, ಪರೀಕ್ಷೆಗೆ ಬರೋವರ ಹತ್ರಾನೂ ಇಲ್ಲ. ಮನೆದೇವ್ರು ಚೌಡಮ್ಮನ ಮೇಲೆ ಆಣೆ ಇಡು."

"ಅತ್ತೆ, ಇದು ಸೀರೆ ಅಲ್ಲ..."

"ಇಡು ಅಂದ್ರೆ ಇಡು."

ಹುಡುಗಿ ಆಣೆ ಇಟ್ಟಳು. ತಪ್ಪಿದ ಪ್ರೋಗ್ರಾಮನ್ನೂ ಅದರ ಚಿತ್ರಗಳನ್ನೂ ಅಳಿಸಿದಳು, ನೋಟ್‌ಬುಕ್ಕಿನ ಹಾಳೆಗಳನ್ನೂ ಹರಿದು ಹಾಕಿದಳು. ಕಾಗದವನ್ನು ಹರಿದು ಹಾಕುವ ಕೆಲಸ ಕುಪ್ಪಮ್ಮನದು. ಅವಳು ಹರಿಯಲು ಎರಡು ಕೈಯಲ್ಲೂ ಹಿಡಿದಳು, ನಿಜ. ಆದರೆ ಹುಡುಗಿಯ ಕೈಯಿಂದ ಇಳಿದ ಮೊದಲ ಆಕಾಶ ಅದು. ಮನಸ್ಸು ಬರಲಿಲ್ಲ. ಸುತ್ತಿ, ಚೀಲದಲ್ಲಿದ್ದ ನೂಲಿನಿಂದ ಕಟ್ಟಿ, ಚೀಲದ ತಳಕ್ಕೆ ತಳ್ಳಿದಳು. ಹುಡುಗಿಗೆ ಹೇಳಲಿಲ್ಲ.

ಆ ವರ್ಷ ಕರೆಂಟಿನ ಕಾಟ ಹೇಳತೀರದು, ಹೊತ್ತಿಲ್ಲ ಗೊತ್ತಿಲ್ಲ. ಕರೆಂಟು ಹೋದರೂ ನಿಂತ ಕಡೆಯಿಂದಲೇ ಮುಂದುವರಿಯುವಂತೆ ಜಯಪ್ರಿಯಾ ಪ್ರೋಗ್ರಾಂ ಬರೆದಿದ್ದಳು, ಜಾಣೆ. ನಾಲ್ಕು ಸಲ ನಿಂತು, ನಾಲ್ಕು ಸಲ ಎದ್ದು, ಮೂರನೇ ದಿನ ಲೆಕ್ಕ ಮುಗಿಯಿತು. ಹೊರಟ ಬೆಳಕು ನೂರು ಪಾಲು, ಸಿಕ್ಕಿದ್ದು ನೂರು ಪಾಲು. ದಂಡಪಾಣಿ ಸರ್ ಎರಡು ಸಲ ಕೂಡಿಸಿ ನೋಡಿ, "ಹೇಗಮ್ಮಾ ಸರಿಹೋಯಿತು?" ಎಂದು ತಮಿಳಿನಲ್ಲಿ ಕೇಳಿದರು. ಅವಳು ನಕ್ಕು ಮುಂದಿನ ಚಿತ್ರ ತೋರಿಸಿದಳು.

ಕಾರ್ತಿಕದ ಒಂದು ಶುಕ್ರವಾರ ಬೆಳಗ್ಗೆ ಹತ್ತೂವರೆಗೆ ಮೌಖಿಕ ಪರೀಕ್ಷೆ. ಪರೀಕ್ಷೆಗೆ ಬಂದವರು ಬೆಂಗಳೂರಿನ ಡಾಕ್ಟರ್ ಮಹೇಶ. ನರೆತ ಗಡ್ಡ, ಗಟ್ಟಿ ದನಿ. ಕುಪ್ಪಮ್ಮ, ಅಂಗಡಿಗೆ ಕಳಿಸುವ ಸೀರೆಯ ಹಾಗೆ ಗಂಜಿ ಹಾಕಿದ ತನ್ನದೇ ನೇಯ್ಗೆಯುಟ್ಟು, ಅದೇ ಚೀಲ ಹಿಡಿದು ಬಂದು, ಹಿಂದಿನ ಸಾಲಿನಲ್ಲಿ ಸೆಂದಿಲ್ ಕುಮಾರನ ಪಕ್ಕ ಕೂತಳು.

ಪರದೆಯ ಮೇಲೆ ಆಕಾಶ ಬಂತು. ಕಪ್ಪಿನಲ್ಲಿ ಹಳದಿ ಚುಕ್ಕೆಗಳು ಮೂಡಿದವು, ಗುಳ್ಳೆಗಳಾದವು, ಗುಳ್ಳೆಗೆ ಗುಳ್ಳೆ ಕೂಡಿ ಕೊನೆಗೆ ಪರದೆಯೆಲ್ಲ ಬೆಳಗಿತು. ಹುಡುಗಿ ಇಂಗ್ಲಿಷಿನಲ್ಲಿ ತಡವರಿಸದೆ ಮಾತಾಡಿದಳು. ಕುಪ್ಪಮ್ಮನಿಗೆ ಒಂದಕ್ಷರ ತಿಳಿಯದಿದ್ದರೂ ಎದೆ ತುಂಬಿ ಬಂತು, ಕಣ್ಣಲ್ಲಿ ನೀರಾಡಿತು. ಕನ್ನಿಯಮ್ಮಾಳ್ ಇದನ್ನು ನೋಡಬೇಕಿತ್ತು ಅನ್ನಿಸಿತು.

ಆಮೇಲೆ ಮಹೇಶರು ಏನೋ ಕೇಳಿದರು. ಹುಡುಗಿ ಉತ್ತರ ಹೇಳಿದಳು. ಅವರು ತಲೆಯಾಡಿಸಿ ಮತ್ತೇನೋ ಕೇಳಿದರು. ಈ ಸಲ ಹುಡುಗಿಯ ಮುಖದ ಬಣ್ಣ ಇಳಿಯಿತು.

"ಏನಂತಾರೆ?" ಕುಪ್ಪಮ್ಮ ತಮಿಳಿನಲ್ಲಿ ಪಿಸುಗುಟ್ಟಿದಳು.

"ಇದು ಯಾರ ಪ್ರೋಗ್ರಾಂ ಅಂತ ಕೇಳ್ತಿದ್ದಾರೆ, ಅಮ್ಮಾ," ಎಂದ ಸೆಂದಿಲ್ ಕುಮಾರ್. "ಒಂದು ಹುಡುಗಿ ಆರು ತಿಂಗಳಲ್ಲಿ ಒಂದೂ ತಪ್ಪಿಲ್ಲದೆ ಬರೆಯೋದು ಆಗದ ಮಾತು ಅಂತೆ. ಹೋದ ತಿಂಗಳು ಇನ್ನೊಂದು ಕಾಲೇಜಿನಲ್ಲಿ ಹೀಗೇ ಕದ್ದದ್ದು ಸಿಕ್ಕಿಬಿದ್ದಿತ್ತಂತೆ. ಮೊದಲು ಬರೆದದ್ದು, ತಪ್ಪಿದ್ದು, ತಿದ್ದಿದ್ದು, ಏನಾದರೂ ಇದ್ದರೆ ತೋರಿಸು ಅಂತಿದ್ದಾರೆ. ಇಲ್ಲದಿದ್ದರೆ ಪ್ರಬಂಧ ವಾಪಸ್. ಹೇಗೆ ಸರಿಹೋಯಿತು ಅಂತ ನಮ್ಮ ಸರ್‌ಗೂ ಗೊತ್ತಿಲ್ಲವಲ್ಲ."

ಜಯಪ್ರಿಯಾ ಒಂದು ಸಲ, ಒಂದೇ ಒಂದು ಸಲ, ಹಿಂದಿನ ಸಾಲಿನ ಕಡೆ ನೋಡಿದಳು. ಹಳೆಯದನ್ನೆಲ್ಲ ಅಳಿಸಿದ್ದಳು, ಬಾಯಿಗೆ ಆಣೆಯ ಬೀಗ ಬಿದ್ದಿತ್ತು. ಅಳಿಸು ಎಂದವಳೂ ಬೀಗ ಹಾಕಿದವಳೂ ಇಲ್ಲೇ ಗಂಜಿ ಸೀರೆಯುಟ್ಟು ಕೂತಿದ್ದಳಲ್ಲ!

ಅಜ್ಜನ ಕಾಲದಿಂದ ಒಂದು ತಪ್ಪಿನ ಸುದ್ದಿಯೂ ಹೊಸಿಲು ದಾಟದ ಮನೆ. ಈ ಕೈಯಿಂದ, ಇಷ್ಟು ಜನರ ಎದುರು, ಬೆಂಗಳೂರಿನವರ ಮುಂದೆ? ಕುಪ್ಪಮ್ಮನ ಕೈ ಚೀಲದ ತಳದಲ್ಲಿ ಕಾಗದದ ಸುರುಳಿಯನ್ನು ಮುಟ್ಟಿತು, ಹಿಂದಕ್ಕೆ ಬಂತು. ಮುಂದೆ ಹುಡುಗಿ ತಲೆ ತಗ್ಗಿಸಿದಳು. ಆ ತಗ್ಗಿದ ತಲೆಯನ್ನು ಕುಪ್ಪಮ್ಮನಿಂದ ನೋಡಲಾಗಲಿಲ್ಲ. ಅವಳು ಎದ್ದಳು.

"ಸಾರ್, ಆ ಹುಡುಗಿ ಹೇಳಲ್ಲ. ಆಣೆ ಇಟ್ಟೈತೆ. ಆಣೆ ಇಡಿಸಿದವಳು ನಾನು," ಎಂದಳು. ಗಾಬರಿಯಲ್ಲಿ ತಮಿಳು ಮರೆತು ಮನೆಯ ಮಾತೇ ಬಂದಿತ್ತು.

ಮಹೇಶರು ತಟ್ಟನೆ ತಲೆಯೆತ್ತಿದರು. "ಏನಮ್ಮಾ, ನೀವು ಕನ್ನಡದವರಾ?"

"ಕನ್ನಡದವರೋ ಏನೋ, ನೇಯೋರು ಸಾರ್. ಇಕೊಳ್ಳಿ ತಪ್ಪು. ತಾರೀಕು ಐತೆ, ಅವಳದೇ ಕೈಬರಹ." ಕುಪ್ಪಮ್ಮ ನಡೆದು ಹೋಗಿ ಸುರುಳಿಯನ್ನು ಮೇಜಿನ ಮೇಲಿಟ್ಟು ನೂಲು ಬಿಚ್ಚಿದಳು. ಜಯಪ್ರಿಯಾ ಬಿಟ್ಟ ಕಣ್ಣು ಬಿಟ್ಟಂತೆ ಕಾಗದವನ್ನೇ ನೋಡಿದಳು. "ಮೇಲೆ ಕೆಳಗೆ ಸುತ್ತಿ, ಕೂಡ್ತದೆ. ಎಡಾ ಬಲಾ ಸುತ್ತಿ, ಕೂಡಲ್ಲ. ಅಲ್ಲೇ ಬೆಳಕು ಬಿದ್ದು ಹೋಗಿತ್ತು. ಆಮೇಲೆ ಸರಿ ಮಾಡ್ತು."

ಮಹೇಶರು ಕಾಗದವನ್ನು ಸುತ್ತಿದರು. ತಿರುಗಿಸಿ ಸುತ್ತಿದರು. ಹುಬ್ಬು ಗಂಟಾಯಿತು. ಜಯಪ್ರಿಯಾಳ ಕಡೆ ತಿರುಗಿ ಕನ್ನಡದಲ್ಲೇ ಕೇಳಿದರು. "ವಿಚಿತ್ರವಾಗಿದೆಯಲ್ಲ! ಬೆಳಕು ಎಲ್ಲ ಕಡೆಯಿಂದಲೂ ಒಳಗೆ ಬರುವ ಹಾಗೆ ಬರೆಯುವುದನ್ನು ಪೂರ್ತಿ ಮರೆತವರನ್ನು ನೋಡಿದ್ದೇನೆ. ನೀನು ಎರಡು ಕಡೆ ಸರಿಯಾಗಿ ಬರೆದು, ಒಂದು ಕಡೆ ಮಾತ್ರ ಗೋಡೆ ಕಟ್ಟಿದ್ದೀಯ. ಯಾಕೆ?"

ಯಾಕೆಂದು ಜಯಪ್ರಿಯಾಳಿಗೇ ಗೊತ್ತಿರಲಿಲ್ಲ.

"ಇದೇನ್ ಸಾರ್ ಕೇಳ್ತೀರಿ!" ಕುಪ್ಪಮ್ಮನಿಗೆ ರೇಗಿಹೋಯಿತು. "ಉದ್ದಕ್ಕೆ ಎಷ್ಟು ಬೇಕಾದ್ರೂ ನೇಯ್ದು ದಿಂಡಿಗೆ ಸುತ್ತಿಕೊಳ್ತಾ ಹೋಗಬೋದು. ಅಗಲಕ್ಕೆ ಆಗ್ತದಾ? ಎಡಕ್ಕೊಂದು ಬಲಕ್ಕೊಂದು ಅಂಚು ಬರಲೇಬೇಕು, ಅಂಚು ಬಂತಂದ್ರೆ ಬಟ್ಟೆ ಮುಗೀತು. ಅಂಚಿಲ್ಲದ ಬಟ್ಟೆ ಎಲ್ಲಾದ್ರೂ ನೋಡಿದೀರಾ? ಮೂರು ವರ್ಷದ ಮಗು ಆಗಿದ್ದಾಗಿಂದ ನನ್ನ ಮಗ್ಗದ ಪಕ್ಕ ಕೂತು ಬೆಳೆದ ಹುಡುಗಿ ಸಾರ್ ಇದು. ಆಕಾಶಕ್ಕೂ ಅಂಚು ಹಾಕೈತೆ, ಅಷ್ಟೇ!"

ಜಯಪ್ರಿಯಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಚಾಪೆ ಹಾಸಿ ಮೊದಲ ಸಾಲು ಬರೆದ ಆ ಮಧ್ಯಾಹ್ನ, ಲಾಳಿ ಅಂಚಿಗೆ ಹೋಗಿ ನಿಲ್ಲುತ್ತಿದ್ದ ಸದ್ದು, ಎಲ್ಲ ನೆನಪಿಗೆ ಬಂತು.

ಮಹೇಶರು ಮೊದಲು ಮುಗುಳ್ನಕ್ಕರು, ಆಮೇಲೆ ಮೇಜು ತಟ್ಟಿ ಗಹಗಹಿಸಿ ನಕ್ಕರು. ನಗು ನಿಂತ ಮೇಲೆ ದಂಡಪಾಣಿ ಸರ್ ಕಡೆ ತಿರುಗಿದರು. "ಪ್ರಪಂಚದಲ್ಲಿ ಯಾರ ಪ್ರೋಗ್ರಾಂ ಕದ್ದು ತಂದರೂ ಅದರಲ್ಲಿ ಈ ತಪ್ಪು ಇರುವುದಿಲ್ಲ. ಇದನ್ನು ಮಾಡಬೇಕಾದರೆ ಈ ಅಮ್ಮನ ಮನೆಯಲ್ಲೇ ಹುಟ್ಟಿ ಬೆಳೆದಿರಬೇಕು. ಪ್ರೋಗ್ರಾಂ ಈ ಹುಡುಗಿಯದೇ, ನನಗಿನ್ನು ಅನುಮಾನವಿಲ್ಲ." ಅಷ್ಟು ಹೇಳಿ ಪೆನ್ನಿನ ಮುಚ್ಚಳ ತೆಗೆದು ಪ್ರಬಂಧದ ಹಾಳೆಗೆ ಸಹಿ ಹಾಕಿದರು.

ಎಲ್ಲರೂ ಎದ್ದ ಮೇಲೆ ಅವರು ಕುಪ್ಪಮ್ಮನ ಹತ್ತಿರ ಬಂದರು. "ಅಮ್ಮಾ, ಈ ಕಾಗದ ನನಗೆ ಕೊಡುತ್ತೀರಾ? ನಮ್ಮ ಹುಡುಗರಿಗೆ ತೋರಿಸಬೇಕು."

"ಇಲ್ಲೆ ಸಾರ್," ಎಂದಳು ಕುಪ್ಪಮ್ಮ, ಸುರುಳಿಗೆ ನೂಲು ಕಟ್ಟುತ್ತ. "ಸರಿ ಮಾಡಿದ್ದು ಎಷ್ಟು ಬೇಕಾದ್ರೂ ತಗೊಂಡು ಹೋಗಿ. ಇದು ನಮ್ಮ ಮನೇದು."

ಆ ಸಂಜೆ ನೆಗಮಂನಲ್ಲಿ ಬಸ್ಸಿಳಿದ ಕುಪ್ಪಮ್ಮ ಮನೆಯೊಳಕ್ಕೆ ಕಾಲಿಡಲಿಲ್ಲ. ಅತ್ತೆಯ ಹಿಂದೆ ಜಯಪ್ರಿಯಾ, "ಬೇಡ ಅತ್ತೆ, ಮಾನ ಹೋಗ್ತದೆ," ಎನ್ನುತ್ತ ಸೆರಗು ಜಗ್ಗುತ್ತಿದ್ದಳು. ಕುಪ್ಪಮ್ಮ ಕೇಳಬೇಕಲ್ಲ! ನೇರ ಎದುರು ಮನೆಗೆ ಹೋಗಿ, ಕನ್ನಿಯಮ್ಮಾಳನ್ನು ಕೂಗಿ ಕರೆದು, ಬೀದಿಯವರೆಲ್ಲ ಬಾಗಿಲಿಗೆ ಬರುವಷ್ಟು ಗಟ್ಟಿಯಾಗಿ, ಕಾಗದವನ್ನು ಎಡಬಲಕ್ಕೆ ಸುತ್ತಿ ತೋರಿಸಿದಳು.

"ನೋಡು, ಸರಿಯಾಗಿ ನೋಡು. ನಮ್ಮ ಹುಡುಗಿ ಮಾಡಿದ ತಪ್ಪು!"